ಟ್ರಂಕಿನಲ್ಲಿ ಸಿಕ್ಕ ಚಾಕು ಅಸಲಿಯೇ?

ಡೊಂಬಿವಲಿಯ ಕೇಳುಗರೊಬ್ಬರ ಪ್ರಶ್ನೆಯಿಂದಲೇ ಇವತ್ತಿನ ಮಾತು. ತೀರಿಕೊಂಡ ಮಾವನವರ ಟ್ರಂಕಿನಲ್ಲಿ ಅವರಿಗೆ ಒಂದು ಮಡಚುವ ಚಾಕು ಸಿಕ್ಕಿದೆ. ಅಲಗಿನ ಬುಡದಲ್ಲಿ 'ರಾಜರ್ಸ್, ಶೆಫೀಲ್ಡ್' ಎಂಬ ಮುದ್ರೆ. ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಇನ್ನೂರು ರೂಪಾಯಿ ಎಂದನಂತೆ. ಇನ್ನೊಬ್ಬ "ವಿಕ್ಟೋರಿಯಾ ರಾಣಿ ಕಾಲದ್ದು, ಹತ್ತು ಸಾವಿರ ಕೊಡ್ತೀನಿ" ಎಂದನಂತೆ. ಯಾರನ್ನು ನಂಬೋಣ ಎಂದು ಕೇಳಿದ್ದಾರೆ. ಇಬ್ಬರನ್ನೂ ಬಿಡಿ, ಚಾಕುವನ್ನೇ ಕೇಳೋಣ.

ಇಂಗ್ಲೆಂಡಿನ ಶೆಫೀಲ್ಡ್ ಚಾಕು ಕತ್ತರಿಗಳ ಊರು. ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಅಲ್ಲಿನ ದೊಡ್ಡ ಹೆಸರು. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಅವರ ಗುರುತು, 1764ರಲ್ಲಿ ದಕ್ಕಿದ್ದು. ಹೆಸರು ದೊಡ್ಡದಾದ ಮೇಲೆ ನಕಲೂ ಹುಟ್ಟಬೇಕಲ್ಲ! ಆದ್ದರಿಂದ ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದಿ. ಇಂಗ್ಲಿಷಿನಲ್ಲಿ ಆ ಹೆಸರಿನ ನಡುವೆ 'ಡಿ' ಇರಲೇಬೇಕು. ಜರ್ಮನಿಯ ಮಾಲಿಗೆ ಶೆಫೀಲ್ಡ್ ಹೆಸರು ಹಚ್ಚಿ ಮಾರುವುದು ಎಷ್ಟು ಹೆಚ್ಚಿತೆಂದರೆ, ಬ್ರಿಟನ್ 1887ರಲ್ಲಿ ಅದಕ್ಕೆಂದೇ ಕಾನೂನು ತಂದಿತು.

1822ರಲ್ಲಿ ಈ ಕಂಪನಿಗೆ ರಾಜಮನೆತನದ ಮನ್ನಣೆ ಸಿಕ್ಕಿತು. ಅಲ್ಲಿಂದ ಮುದ್ರೆಯಲ್ಲಿ ಕಿರೀಟದ ಜೊತೆ ದೊರೆಯ ಅಕ್ಷರಗಳೂ ಕಾಣುತ್ತವೆ. 'ವಿ ಆರ್' ಇದ್ದರೆ ವಿಕ್ಟೋರಿಯಾ, ಅಂದರೆ 1837ರಿಂದ 1901. 'ಜಿ ಆರ್' ಇದ್ದರೆ ಸ್ವಲ್ಪ ತಡೆಯಿರಿ. ಜಾರ್ಜ್ ಎಂಬ ದೊರೆಗಳು ವಿಕ್ಟೋರಿಯಾಗೆ ಮೊದಲೂ ಇದ್ದರು, 1910ರ ನಂತರವೂ ಬಂದರು. ಆಗ 'ಇಂಗ್ಲೆಂಡ್' ಎಂಬ ಪದ ಇದೆಯೇ ನೋಡಿ. ಆಮದು ಮಾಲಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿದ ಮೇಲೆ ಆ ಪದ ಬಳಕೆಗೆ ಬಂತು. ಇದ್ದರೆ ಹೆಚ್ಚಾಗಿ ಆಮೇಲಿನದು. ಇಲ್ಲದಿದ್ದರೆ ಮಾತ್ರ ಏನೂ ಸಿದ್ಧವಾಗುವುದಿಲ್ಲ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ 'ಸ್ಟೇನ್‌ಲೆಸ್' ಎಂಬ ಪದ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ್ದು 1913ರಲ್ಲಿ. ರಾಣಿ ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು. ಆ ಪದವಿರುವ ಅಲಗನ್ನು ರಾಣಿ ಕಾಲದ್ದು ಎನ್ನುವವನಿಗೆ ದೂರದಿಂದಲೇ ಕೈಮುಗಿಯಿರಿ.

ಮುದ್ರೆಯನ್ನು ಆಮೇಲೂ ಕೊರೆಯಬಹುದು. ಸುತ್ತಲೂ ತುಕ್ಕು ತಿಂದ ಗುಳಿಗಳಿದ್ದು, ಅಕ್ಷರಗಳ ಅಂಚು ಮಾತ್ರ ನಿನ್ನೆ ಕೊರೆದಂತೆ ಚೂಪಾಗಿದ್ದರೆ ಅನುಮಾನಪಡಿ. ಎರಡು ಅಲಗಿದ್ದು ಒಂದು ಕಪ್ಪಾಗಿ ಇನ್ನೊಂದು ಹೊಳೆಯುತ್ತಿದ್ದರೆ, ಒಂದನ್ನು ಬದಲಿಸಿರಬಹುದು. ಹಿಡಿಯ ಮೊಳೆಗಳ ಸುತ್ತ ಸುತ್ತಿಗೆ ಗಾಯಗಳಿದ್ದರೆ ಯಾರೋ ಬಿಚ್ಚಿ ಜೋಡಿಸಿದ್ದಾರೆ. ಸಾಣೆ ಹಿಡಿದು ಹಿಡಿದು ಸವೆದ ಅಲಗು ಅಸಲಿಯೇ ಆದರೂ ಬೆಲೆ ಇಳಿಯುತ್ತದೆ.

ಇನ್ನು ಹಿಡಿ. ಮೂಳೆಯಾದರೆ ಸಣ್ಣ ಸಣ್ಣ ರಂಧ್ರದ ಚುಕ್ಕಿಗಳು ಕಾಣುತ್ತವೆ. ಆಮೆಚಿಪ್ಪಿನಂತೆ ಕಂಡು, ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಅದನ್ನು ಮಾಡುವುದೇ ಕರ್ಪೂರ ಬೆರೆಸಿ. ಕಾದ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿಯಾರು, ದಯವಿಟ್ಟು ಬೇಡ. ಸೆಲ್ಯುಲಾಯ್ಡ್ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಬೇರೆ ಚಾಕುಗಳ ಜೊತೆ ಡಬ್ಬಿಯಲ್ಲಿ ಮುಚ್ಚಿಡಲೂ ಬೇಡಿ, ಹಳತಾದಾಗ ಅದು ಬಿಡುವ ಆವಿಗೆ ಪಕ್ಕದ ಉಕ್ಕೂ ತುಕ್ಕು ಹಿಡಿಯುತ್ತದೆ. ಒಂದನ್ನೊಂದು ಹಾಯುವ ಸಣ್ಣ ಗೆರೆಗಳು ಅಡ್ಡಕೊಯ್ತದಲ್ಲಿ ಕಂಡರೆ ಆನೆದಂತವಿರಬಹುದು. ಆಗ ಬೆಲೆಯ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದಂತದ ವ್ಯಾಪಾರ ನಮ್ಮಲ್ಲಿ ನಿಷಿದ್ಧ.

ಒಂದು ಮಾತು, ತೋರಿಸುವ ಮೊದಲು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಸಾಣೆಯವನ ಕೈಗಂತೂ ಕೊಡಲೇಬೇಡಿ. ಆ ಕಪ್ಪು ಬಣ್ಣವೇ ವಯಸ್ಸಿನ ಸಾಕ್ಷಿ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು, ಒಣ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು.