ಹಳದಿ ತುದಿಯ ಚಿಪ್ಪು



ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಹರಿಯುವ ಬಸವನಹುಳುವನ್ನು ನೀವೆಲ್ಲರೂ ನೋಡಿದ್ದೀರಿ. ಉರ್ದುವಿನಲ್ಲಿ ಅದು ಘೋಂಘಾ. ಕೊಂಬು ಕಂಡು ಕನ್ನಡದವರು ಬಸವನ ಹೆಸರಿಟ್ಟಿರಬೇಕು. ನನಗಂತೂ ಕನ್ನಡದ ಹೆಸರೇ ಹೆಚ್ಚು ಇಷ್ಟ. ಇಂದು ನಾನು ಹೇಳಹೊರಟಿರುವುದು ಪೆಸಿಫಿಕ್ ಸಾಗರದ ಹವಾಯಿಯಲ್ಲಿ, ಓಹಾಹು ದ್ವೀಪದಲ್ಲಿದ್ದ ಬಸವನಹುಳುವೊಂದರ ವಿಷಯ. ಅದರ ವೈಜ್ಞಾನಿಕ ಹೆಸರು ಅಕಾಟಿನೆಲ್ಲಾ ಅಪೆಕ್ಸ್‌ಫುಲ್ವಾ. ಹೆಸರು ಕೇಳಿ ಹೆದರಬೇಡಿ, ತುದಿ ಹಳದಿಯಾಗಿರುವುದು ಎಂದಷ್ಟೇ ಅದರ ಅರ್ಥ.

ಬಸವನಹುಳು ಸುಣ್ಣದ ಅಂಶವನ್ನು ತನ್ನ ಮೈಯಿಂದಲೇ ಸ್ರವಿಸಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಹೊಸ ಭಾಗ ಸೇರುವುದು ಚಿಪ್ಪಿನ ಬಾಯಿಯ ಅಂಚಿಗೆ. ಆದ್ದರಿಂದ ತುದಿಯೇ ಎಲ್ಲಕ್ಕಿಂತ ಹಳೆಯದು. ಈ ಜಾತಿ ಮೊಟ್ಟೆಯಿಡದೆ ಒಂದೊಂದೇ ಮರಿ ಹಾಕುತ್ತಿತ್ತು. ಆ ಹಳದಿ ತುದಿ ಮರಿ ಹುಟ್ಟುವಾಗಲೇ ಹೊತ್ತು ತಂದದ್ದು. ಪೂರ್ತಿ ಬೆಳೆದರೂ ಚಿಪ್ಪಿನ ಉದ್ದ ಸುಮಾರು 2 ಸೆಂ.ಮೀ. ಮರದ ಮೇಲೆ ವಾಸ. ಎಲೆಯನ್ನು ಮುಟ್ಟದು, ಎಲೆಯ ಮೇಲಿನ ಬೂಷ್ಟನ್ನು ಮಾತ್ರ ಕೆರೆದು ತಿನ್ನುವ ನಿರುಪದ್ರವಿ ಜೀವಿ.

ಚಿಪ್ಪಿನ ಅಂದವೇ ಅದಕ್ಕೆ ಮುಳುವಾಯಿತು. ಹವಾಯಿಯ ಜನ ಇಂಥ ಚಿಪ್ಪುಗಳಿಂದ ಹಾರ ಪೋಣಿಸುತ್ತಿದ್ದರು. ನಾವಿಕ ಜಾರ್ಜ್ ಡಿಕ್ಸನ್‌ಗೆ ದೊರೆತ ಅಂಥ ಒಂದು ಹಾರದಿಂದಲೇ 1789ರಲ್ಲಿ ಈ ಜಾತಿ ಹೊರಜಗತ್ತಿಗೆ ಪರಿಚಯವಾಯಿತು. 19ನೆಯ ಶತಮಾನದಲ್ಲಿ ಹವ್ಯಾಸಿಗಳು ಓಹಾಹುವಿನ ಕಾಡುಗಳಿಂದ ಚಿಪ್ಪುಗಳನ್ನು ಸಾವಿರಗಟ್ಟಲೆ ಆರಿಸಿ ಒಯ್ದರು. ಇಲಿಗಳೂ ಬಿಡಲಿಲ್ಲ.

ಇನ್ನು ಮುಖ್ಯ ಪೆಟ್ಟು. 1936ರಲ್ಲಿ ಆಫ್ರಿಕಾದ ದೈತ್ಯ ಬಸವನಹುಳು ಹವಾಯಿಗೆ ಬಂತು. ನಮ್ಮ ಕೊಡಗಿನ ಕಾಫಿ ತೋಟಗಳನ್ನು ಕಾಡುವುದೂ ಇದೇ. ಅದನ್ನು ನಿಗ್ರಹಿಸಲೆಂದು 1955ರಲ್ಲಿ ಅಧಿಕಾರಿಗಳು ಫ್ಲಾರಿಡಾದಿಂದ ಯೂಗ್ಲಾಂಡಿನಾ ಎಂಬ ಬೇಟೆಗಾರ ಬಸವನಹುಳುವನ್ನು ತಂದು ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಬೇಟೆಗಾರನಿಗೆ ಯಾರನ್ನು ತಿನ್ನಬೇಕೆಂದು ಆದೇಶ ಕೊಡಲಾದೀತೇ? ಅದು ಇತರ ಬಸವನಹುಳುಗಳ ಲೋಳೆಯ ಜಾಡು ಹಿಡಿದು ಹೋಗುತ್ತದೆ, ಮರವನ್ನೂ ಹತ್ತುತ್ತದೆ. ದೈತ್ಯ ಹುಳು ಇಂದಿಗೂ ಅಲ್ಲಿದೆ. ಹಲವು ವರ್ಷಕ್ಕೆ ಪ್ರಾಯಕ್ಕೆ ಬಂದು, ಒಂದೊಂದೇ ಮರಿ ಹಾಕುವ ಸ್ಥಳೀಯ ಜಾತಿಗಳು ತಾಳಲಾರದೆ ಹೋದವು.

1997ರಲ್ಲಿ ಕಾಡಿನಲ್ಲಿ ಗೊತ್ತಿದ್ದ ಕೊನೆಯ ಹತ್ತನ್ನು ಹವಾಯಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ತಂದರು. ಅಲ್ಲಿ ಮರಿಗಳಾದವು, ಆದರೆ ಒಂದೊಂದಾಗಿ ಸತ್ತವು. ಉಳಿದದ್ದು ಒಂದೇ, ಅದಕ್ಕೆ ಜಾರ್ಜ್ ಎಂದು ಹೆಸರಿಟ್ಟರು. ಈ ಹುಳುಗಳಲ್ಲಿ ಗಂಡುಹೆಣ್ಣು ಒಂದೇ ಮೈಯಲ್ಲಿದ್ದರೂ ಸಂತಾನಕ್ಕೆ ಜೊತೆ ಬೇಕು. ಜೊತೆ ಎಲ್ಲಿಯೂ ಸಿಗಲಿಲ್ಲ. 2019ರ ಜನವರಿ 1ರಂದು, ಸುಮಾರು 14 ವರ್ಷ ವಯಸ್ಸಿನಲ್ಲಿ, ಜಾರ್ಜ್ ಸತ್ತಿತು. ಆ ಜಾತಿಯೂ ಅಂದೇ ಮುಗಿಯಿತು.

2017ರಲ್ಲಿ ಜಾರ್ಜ್‌ನ ಪಾದದಿಂದ ತೆಗೆದ 2 ಮಿ.ಮೀ. ತುಣುಕನ್ನು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ. ಅದರಿಂದ ಮತ್ತೆ ಹುಟ್ಟಿಸಲಾಗದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅಂಥ ತುಣುಕಿನಿಂದ ಬಸವನಹುಳುವನ್ನು ಇದುವರೆಗೆ ಯಾರೂ ಹುಟ್ಟಿಸಿಲ್ಲ.