ಒಲೆಯ ಹೊಗೆ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಇಂದು ಆರಿಸಿಕೊಂಡ ವಿಷಯವು ದೊಡ್ಡದೇನೂ ಅಲ್ಲ. ಅದು ನಿಮ್ಮ ನಿಮ್ಮ ಮನೆಯ ಒಲೆ. ಮಹಾಪುರುಷರ ಚರಿತ್ರೆಯನ್ನು ಕೇಳಬಂದವರಿಗೆ ನಿರಾಶೆಯಾದೀತು. ಆದರೆ ನಮ್ಮ ತಾಯಿಯವರು ನಲವತ್ತು ವರ್ಷಗಳ ಕಾಲ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿದುದು ಅದರ ಮುಂದೆಯೇ. ಅವರ ಕೆಮ್ಮು ನಮಗೆ ಕೋಳಿಯ ಕೂಗಿನಂತೆ ಬೆಳಗಿನ ಗುರುತಾಗಿದ್ದಿತು. ಅದು ರೋಗವೆಂದು ಮನೆಯಲ್ಲಿ ಯಾರೂ ಬಗೆಯಲಿಲ್ಲ. ಶಾಲೆ ಕಲಿತ ನಾನೂ ಬಗೆಯಲಿಲ್ಲ.

ಹೊಗೆಯೆಂದರೆ ಪೂರ್ತಿ ಉರಿಯದೆ ಉಳಿದ ಉರುವಲು. ತೊಗರಿಕಟ್ಟಿಗೆಯಾಗಲಿ ಕುಳ್ಳಾಗಲಿ ಕಾದಾಗ ಅದರಿಂದ ಅನಿಲಗಳು ಹೊರಡುತ್ತವೆ. ಸಾಕಷ್ಟು ಗಾಳಿಯೂ ಕಾವೂ ದೊರೆತರೆ ಅವು ಜ್ವಾಲೆಯಾಗುತ್ತವೆ. ದೊರೆಯದಿದ್ದರೆ ಕಣ್ಣನ್ನೂ ಎದೆಯನ್ನೂ ಸೇರುತ್ತವೆ. ಮೂರು ಕಲ್ಲಿನ ಒಲೆಯಲ್ಲಿ ಹತ್ತು ಪಾಲು ಶಾಖದಲ್ಲಿ ಸುಮಾರು ಒಂದು ಪಾಲು ಮಾತ್ರ ಗಡಿಗೆಗೆ ಮುಟ್ಟುತ್ತದೆ. ಹಸಿ ಕಟ್ಟಿಗೆಯನ್ನು ಒಟ್ಟಿದರಂತೂ ನಷ್ಟ ಇನ್ನೂ ಹೆಚ್ಚು. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 540 ಕಿಲೋಕ್ಯಾಲರಿ ಶಾಖ ಬೇಕು. ಕಟ್ಟಿಗೆಯೊಳಗಿನ ನೀರೂ ಅದನ್ನು ಕಸಿದುಕೊಂಡೇ ಹೋಗುತ್ತದೆ. ಹೊಗೆಯಲ್ಲಿನ ಅತಿ ಸೂಕ್ಷ್ಮ ಕಣಗಳು ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣವು. ಆದುದರಿಂದಲೇ ಅವು ಮೂಗಿನಲ್ಲಿ ತಡೆಯದೆ ಶ್ವಾಸಕೋಶದ ತಳವನ್ನು ಮುಟ್ಟುತ್ತವೆ. 2020ರಲ್ಲಿ ಮನೆಯೊಳಗಿನ ಇಂತಹ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಸತ್ತರೆಂದೂ, ಅವರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದವರು ಐದು ವರ್ಷ ತುಂಬದ ಕೂಸುಗಳೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಒಲೆಯೂದುವ ತಾಯಿಯನ್ನು ನೆನೆದರೆ ಈ ಲೆಕ್ಕವು ಅರ್ಥವಾಗುತ್ತದೆ.

ಈ ವಿಷಯದಲ್ಲಿ ಕನ್ನಡ ನಾಡಿನಲ್ಲಿಯೇ ನಡೆದ ಒಂದು ಪ್ರಯತ್ನವನ್ನು ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 'ಅಸ್ತ್ರ' ಎಂಬ ವಿಭಾಗವು ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ಹಚ್ಚುವುದೇ ಅದರ ಉದ್ದೇಶ. ಅವರು ತುಮಕೂರು ಜಿಲ್ಲೆಯ ಉಂಗ್ರ ಎಂಬ ಊರಿನಲ್ಲಿ ಕೇಂದ್ರವನ್ನು ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಸೌದೆಯ ಲೆಕ್ಕ ಹಿಡಿದರು. ಅದರ ಫಲವಾಗಿ ಬಂದುದು 'ಅಸ್ತ್ರ ಒಲೆ'. ಇದರಲ್ಲಿ ಮೂರು ಪಾತ್ರೆಗಳಿಗೆ ಸಾಲಾಗಿ ಕುಳಿಗಳು, ಉರುವಲಿನ ಅಡಿಯಲ್ಲಿ ಗಾಳಿಯಾಡಲು ಜಾಲರಿ, ಹೊಗೆಗೆ ಕೊಳವೆ. ಮೊದಲ ಪಾತ್ರೆಯನ್ನು ದಾಟಿದ ಬಿಸಿಯು ವ್ಯರ್ಥವಾಗದೆ ಎರಡನೆಯದನ್ನೂ ಮೂರನೆಯದನ್ನೂ ಕಾಯಿಸುತ್ತದೆ. ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳಲ್ಲಿಯೂ ಆ ವಿಜ್ಞಾನಿಗಳು ನಮ್ಮ 'ಒಲೆ' ಎಂಬ ಮಾತನ್ನೇ ಉಳಿಸಿಕೊಂಡರೆಂಬುದು ನನಗೆ ಮೆಚ್ಚಿಕೆಯ ಸಂಗತಿ.

ಆದರೆ ಜೋಳದ ರೊಟ್ಟಿಯ ನಾಡಿನವರಾದ ನಮಗೆ ಒಂದು ಸಂಶಯವು ಬಾರದಿರದು. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡದ ಮಗ್ಗುಲಿಗೆ ಆನಿಸಿ ಉಬ್ಬಿಸುವವರು ಎಲ್ಲ ಕಡೆ ಮುಚ್ಚಿದ ಒಲೆಯಲ್ಲಿ ಏನು ಮಾಡಬೇಕು? ಅಡಿಗೆ ಮಾಡುವವರನ್ನು ಕೇಳದೆ ಕಟ್ಟಿದ ಒಲೆ ಮೂಲೆಗುಂಪಾಗುತ್ತದೆ. ಕೇಂದ್ರ ಸರಕಾರವು 1983ರಿಂದ 2002ರ ವರೆಗೆ ದೇಶದಲ್ಲೆಲ್ಲ ಸುಧಾರಿಸಿದ ಒಲೆಗಳನ್ನು ಹಂಚಿತು. ಮಸಿ ಕಟ್ಟಿದ ಕೊಳವೆಯನ್ನು ಒರೆಸುವವರಿಲ್ಲದೆಯೂ ಬಿರಿದ ಒಲೆಯನ್ನು ತಿದ್ದುವವರಿಲ್ಲದೆಯೂ ಅವುಗಳಲ್ಲಿ ಅನೇಕವು ಕೆಟ್ಟುಹೋದವು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಡವರ ಮನೆಗೂ ಗ್ಯಾಸು ಬಂದಿದೆ. ಆದರೂ ಸಿಲಿಂಡರು ಬೇಗ ತೀರೀತೆಂಬ ಅಂಜಿಕೆಯಿಂದ ಚಹಕ್ಕೆ ಗ್ಯಾಸು, ರೊಟ್ಟಿಗೂ ಸ್ನಾನದ ನೀರಿಗೂ ಹಳೆಯ ಒಲೆ ಎಂದು ನಡೆಸುವ ಮನೆಗಳುಂಟು. ಇದನ್ನು ಆಡಿಕೊಳ್ಳಲಾರೆ, ಕೈಯಲ್ಲಿ ರೊಕ್ಕವಿದ್ದವರಿಗೆ ಬುದ್ಧಿ ಹೇಳುವುದು ಸುಲಭ.

ಮನೆಯ ಮಾತನ್ನೂ ಆಡಬೇಕು. 1993ನೆಯ ಸಪ್ಟೆಂಬರ 30ರ ನಸುಕಿನ ಭೂಕಂಪವನ್ನು, ನೆರೆಯ ಕಿಲ್ಲಾರಿಯನ್ನು, ಇಲ್ಲಿಯ ಹಿರಿಯರಿಗೆ ನಾನು ನೆನಪಿಸಬೇಕಾಗಿಲ್ಲ. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆಗಳೂ ಭಾರದ ಮಣ್ಣುಮಾಳಿಗೆಗಳೂ ಕುಸಿದು ಎಂಟು ಸಾವಿರದಷ್ಟು ಜನರು ತೀರಿಕೊಂಡರು. ಬೇಸಗೆಯಲ್ಲಿ ತಂಪಾಗಿ ಕಾಪಾಡಿದ ಮಾಳಿಗೆಯೇ ಮೈಮೇಲೆ ಬಿದ್ದಿತು. ಆಮೇಲೆ ಜನರು ಸಿಮೆಂಟಿನ, ತಗಡಿನ ಸೂರುಗಳನ್ನು ನಂಬಿದುದು ಸಹಜ. ಆದರೆ ಮಾಳಿಗೆಯ ಜೊತೆಗೆ ಒಲೆಯ ನೆತ್ತಿಯ ಮೇಲಿದ್ದ ಬೆಳಕಿಂಡಿಯೂ ಹೋಯಿತು! ಬಿಸಿ ಹೊಗೆಯು ಮೇಲೇರಿ ಹೋಗುತ್ತಿದ್ದ ದಾರಿ ಅದೊಂದೇ. ಹೊಸ ಮನೆಯಲ್ಲಿ ಸೂರಿನ ಹತ್ತಿರ ಒಂದು, ಎದುರುಗೋಡೆಯಲ್ಲಿ ಕೆಳಗೆ ಒಂದು ಕಿಂಡಿಯನ್ನು ಬಿಡಿಸುವುದಕ್ಕೆ ಬಹಳ ಖರ್ಚು ಬೀಳದು. ತಾರಸಿಗೆ ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಬಿಸಿಲು ಹಿಂದಿರುಗಿ ಕೋಣೆಯು ತಂಪಾಗುತ್ತದೆ, ಪಂಖದ ಬಿಲ್ಲೂ ಇಳಿಯುತ್ತದೆ. ಚಳಿಗಾಲದಲ್ಲಿ ಮಾತ್ರ ಕೆಂಡದ ಶೇಗಡಿಯನ್ನು ಮುಚ್ಚಿದ ಕೋಣೆಯೊಳಗಿಟ್ಟು ಮಲಗಬೇಡಿರಿ. ಅದರಿಂದೇಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ನಿದ್ದೆಯಲ್ಲಿಯೇ ಕೊಲ್ಲುತ್ತದೆ.

ಮಕ್ಕಳೆ, ನಿಮಗೆ ಒಂದು ಕೆಲಸ ಕೊಡುತ್ತೇನೆ. ನಾಳೆಯಿಂದ ಏಳು ದಿನ ಒಲೆಗೆ ಒಟ್ಟುವ ಕಟ್ಟಿಗೆ-ಕುಳ್ಳುಗಳನ್ನು ತಕ್ಕಡಿಯಲ್ಲಿ ತೂಗಿ ಬರೆದಿಡಿರಿ. ಮುಂದಿನ ವಾರ ಅದೇ ಉರುವಲನ್ನು ಚೆನ್ನಾಗಿ ಒಣಗಿಸಿ, ಸಣ್ಣಗೆ ಸೀಳಿಸಿ, ಪಾತ್ರೆಗೆ ಮುಚ್ಚಳವಿಡಿಸಿ ಮತ್ತೆ ತೂಗಿರಿ. ತೂಗುವ ಮುಂಚೆ ಅವ್ವನ ಅಪ್ಪಣೆ ಪಡೆಯಿರಿ. ಅವಳಿಗೆ ಕೆಮ್ಮು ಎಷ್ಟು ದಿನದಿಂದ ಇದೆಯೆಂದೂ ಕೇಳಿ, ಅದೇ ಹಾಳೆಯ ಮೇಲೆ ಬರೆದು ತನ್ನಿರಿ.