ದುಡಿದ ಕೈಗಳಿಗೆ ಒಂದು ಸೂರು
(ಜಮಾಅತ್ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸಮುದಾಯ ಸುಧಾರಣೆಯ ನಮ್ಮ ವೇದಿಕೆಗಳಲ್ಲಿ ಯುವಕರ ಹಾಗೂ ಮಹಿಳೆಯರ ಪ್ರಸ್ತಾಪ ಧಾರಾಳವಾಗಿರುತ್ತದೆ. ಅರುವತ್ತು ದಾಟಿದ ಪುರುಷನನ್ನು ನಾವು ನೆನೆಯುವುದು ಹೆಚ್ಚಾಗಿ ಅವನ ಜನಾಝದ ದಿನ. ದಶಕಗಳ ಕಾಲ ಗಲ್ಫಿನಲ್ಲಿ ವೆಲ್ಡಿಂಗ್, ಬಡಗಿ, ವಯರಿಂಗ್ ಕೆಲಸ ಮಾಡಿ ಕರಾವಳಿಗೆ ಮರಳಿದವನು ತಾನೇ ಕಟ್ಟಿಸಿದ ಮನೆಯಲ್ಲಿ ಅತಿಥಿಯಾಗಿರುತ್ತಾನೆ. ಮಕ್ಕಳು ಅವನಿಲ್ಲದೆ ಬೆಳೆದಿದ್ದಾರೆ, ಮನೆವಾರ್ತೆ ಅವನಿಲ್ಲದೆ ಸಾಗಿದೆ. ಅಸರ್‌ನಿಂದ ಮಗ್ರಿಬ್‌ವರೆಗೆ ಮಸೀದಿಯ ಜಗಲಿ, ಉಳಿದ ಹೊತ್ತು ಟಿ.ವಿ. ಇದಕ್ಕೆ ನಾವಿಟ್ಟ ಹೆಸರು ವಿಶ್ರಾಂತಿ!

ಈ ಒಂಟಿತನವನ್ನು ಆಸ್ಟ್ರೇಲಿಯಾದ ಜನರು ಗಂಭೀರವಾಗಿ ಪರಿಗಣಿಸಿದರು. 1993ರಲ್ಲಿ ಗೂಲ್ವಾ ಎಂಬಲ್ಲಿ ಹಿರಿಯರಿಗಾಗಿ ಒಂದು ಕಾರ್ಯಾಗಾರ ಆರಂಭವಾಯಿತು. 'ಮೆನ್ಸ್ ಶೆಡ್' ಎಂಬ ಹೆಸರಿನ ಮೊದಲ ಕೇಂದ್ರ 1998ರಲ್ಲಿ ವಿಕ್ಟೋರಿಯಾದ ಟೊಂಗಾಲದಲ್ಲಿ ತೆರೆಯಿತು. 2007ರಲ್ಲಿ ಅವುಗಳ ರಾಷ್ಟ್ರೀಯ ಸಂಘಟನೆ ರೂಪುಗೊಂಡಿತು. 2010ರ ಪುರುಷರ ಆರೋಗ್ಯ ನೀತಿಯಲ್ಲಿ ಸರಕಾರ ಅದಕ್ಕೆ ಹಣಕಾಸಿನ ನೆರವನ್ನೂ ಒದಗಿಸಿತು. ಇಂದು ಆ ದೇಶದಲ್ಲಿ ಸಾವಿರಕ್ಕೂ ಮಿಕ್ಕಿ ಇಂತಹ ಶೆಡ್‌ಗಳಿವೆ.

ಅಲ್ಲಿ ನಡೆಯುವುದು ಸರಳ ಕೆಲಸ. ಮುರಿದ ಕುರ್ಚಿ ರಿಪೇರಿ, ಮಕ್ಕಳ ಆಟಿಕೆ, ಶಾಲೆಗೊಂದು ಬೆಂಚು. ಆದರೆ ಅದರ ಮರ್ಮ ಬೇರೆಯೇ ಇದೆ. ಎದುರಿಗೆ ಕೂರಿಸಿ, "ನಿನ್ನ ದುಃಖವೇನು" ಎಂದು ಕೇಳಿದರೆ ಗಂಡಸು ಎದ್ದು ಹೋಗುತ್ತಾನೆ. ಪಕ್ಕದಲ್ಲಿ ನಿಂತು ಹಲಗೆಗೆ ಉಜ್ಜುಗೊರಡು ಹಾಕುವಾಗ ನಿದ್ರೆ ಬಾರದಿರುವುದನ್ನು, ಮಡದಿಯ ಮರಣವನ್ನು, ಮೂತ್ರದ ತೊಂದರೆಯನ್ನು ತಾನಾಗಿಯೇ ಹೇಳುತ್ತಾನೆ. ಕೇಳಿದವನು, "ನಾನು ತೋರಿಸಿದ ಡಾಕ್ಟರರಲ್ಲಿಗೆ ಹೋಗೋಣ" ಎನ್ನುತ್ತಾನೆ. ಇದರ ಪ್ರಯೋಜನದ ಕುರಿತ ಅಧ್ಯಯನಗಳು ಬಹುಪಾಲು ಸದಸ್ಯರ ಸ್ವಂತ ಹೇಳಿಕೆಗಳನ್ನೇ ಅವಲಂಬಿಸಿವೆ. ಆದ್ದರಿಂದ ಇದನ್ನು ಸರ್ವರೋಗ ನಿವಾರಕವೆಂದು ಸಾರುವ ಅಗತ್ಯವಿಲ್ಲ.

ಕೈಕಸುಬನ್ನು ಕೀಳಾಗಿ ಕಾಣುವುದು ನಮ್ಮ ಪರಂಪರೆಯಲ್ಲ. ಪ್ರವಾದಿ ದಾವೂದ್(ಅ)ರು ತಮ್ಮ ಕೈಯ ದುಡಿಮೆಯಿಂದ ಉಣ್ಣುತ್ತಿದ್ದರೆಂದೂ ಝಕರಿಯಾ(ಅ)ರು ಬಡಗಿಯಾಗಿದ್ದರೆಂದೂ ಹದೀಸ್‌ಗಳಲ್ಲಿದೆ. ಅಂತಿಮ ಪ್ರವಾದಿ(ಸ)ಯವರು ತಮ್ಮ ಪಾದರಕ್ಷೆಯನ್ನು ತಾವೇ ಹೊಲಿಯುತ್ತಿದ್ದರು. ಸ್ವಉದ್ಯೋಗದಲ್ಲಿ ಮುಸ್ಲಿಮರ ಪ್ರಮಾಣ ಹೆಚ್ಚೆಂಬುದನ್ನು 2006ರ ಸಾಚಾರ್ ವರದಿಯೂ ಗುರುತಿಸಿದೆ. ಹಾಗಿರುವಾಗ ಆ ಕೌಶಲ ಒಂದು ತಲೆಮಾರಿನೊಂದಿಗೆ ಮಣ್ಣಾಗಬೇಕೇ?

ನಿಖಾಹ್ ಇಲ್ಲದ ದಿನ ನಮ್ಮ ಹಾಲ್‌ಗಳು ಬೀಗ ಹಾಕಿರುತ್ತವೆ. ವಾರಕ್ಕೆ ಎರಡು ದಿನ ಅದರ ಹಿಂದಿನ ಕೋಣೆ ಸಾಕು. ಮದ್ರಸದ ಬೆಂಚು, ವಿಧವೆಯರ ಹೊಲಿಗೆ ಯಂತ್ರ, ನೆರೆಯ ಹಿಂದೂ ಸಹೋದರನ ಪಂಪ್‌ಸೆಟ್, ಎಲ್ಲವೂ ಅಲ್ಲಿಗೆ ಬರಲಿ. ಆ ನೆರೆಯವನೂ ಬರಲಿ. ಸೌಹಾರ್ದ ಸಮ್ಮೇಳನದ ಖರ್ಚಿನಲ್ಲಿ ಅರ್ಧಕ್ಕೆ ಉಪಕರಣಗಳು ಸಿಗುತ್ತವೆ. ಯುವಕರಿಗೆ ಉದ್ಯೋಗವಿಲ್ಲದಾಗ ಮುದುಕರಿಗೇಕೆ ಇದೆಲ್ಲ ಎನ್ನುವವರಿದ್ದಾರೆ. ಕಲಿಸುವ ಗುರು ಅಲ್ಲೇ ಇರುವಾಗ ಯುವಕರನ್ನು ಹೊರಗಿಡಬೇಕೆಂದು ಹೇಳಿದವರಾರು?

ಒಂದೇ ವಿನಂತಿ. ಇದನ್ನು ಇನ್ನೊಂದು ಕಮಿಟಿಯಾಗಿಸಬೇಡಿ. ಕೋಣೆಯ ಬೀಗದ ಕೈ ಪದಾಧಿಕಾರಿಯ ಕಿಸೆಯಲ್ಲಿರುವುದು ಬೇಡ, ಅಲ್ಲಿ ಕೆಲಸ ಮಾಡುವವರ ಬಳಿಯೇ ಇರಲಿ.